ಏಳನೆಯ ಪದ

ಅಕ್ಟೋಬರ್ 9

ಸಂಜೆ ಐದು ಗಂಟೆ. ಮೋಡ, ಗಾಳಿ ಇಲ್ಲ. ಏಳನೆಯ ದಿನದ ಊಟ ಮುಗಿಯಿತು. ಬಂದವರೆಲ್ಲ ಹೋದರು.

ಮೂವತ್ತೊಂದು ವರ್ಷ ಕಣಿವೆ ರಸ್ತೆಯಲ್ಲಿ ಹಿಮ ತಳ್ಳುವ ಗಾಡಿ ಓಡಿಸಿದೆ. ಕೆಲಸ ಮುಗಿದಾಗ ಗಂಟೆ, ಹವೆ, ಆ ದಿನ ಮಾಡಿದ್ದು, ಇಷ್ಟನ್ನು ಪುಸ್ತಕದಲ್ಲಿ ಬರೆದಿಡಬೇಕಿತ್ತು. ಕೆಲಸ ಬಿಟ್ಟ ಮೇಲೆ ಬರೆದಿರಲಿಲ್ಲ. ಇವತ್ತು ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಹಳೆಯ ಪುಸ್ತಕದಲ್ಲಿ ಖಾಲಿ ಹಾಳೆಗಳಿದ್ದವು.

ಝೂರಾಕಾನ್ ಅಕ್ಟೋಬರ್ ಮೂರರಂದು, ಗುರುವಾರ ಬೆಳಗ್ಗೆ ತೀರಿಕೊಂಡಳು. ಮೂವತ್ತನಾಲ್ಕು ವರ್ಷ ನನ್ನ ಹೆಂಡತಿಯಾಗಿದ್ದಳು. ಕೊನೆಗೆ ಅವಳು ಹೇಳಿದ್ದು ಇಷ್ಟು: “ಹುಡುಗಿಗೆ ತಿಳಿಸಿಬಿಡ್ರೀ. ನಲವತ್ತು ದಿನ ಆಗೋದ್ರೊಳಗೆ ತಿಳಿಸಿ.” ನಾನು ಹೂಂ ಅಂದೆ. ಹೋಗುತ್ತಿರುವವಳ ಮುಂದೆ ಇನ್ನೇನು ಹೇಳಲಿ. ಆ ಹುಡುಗಿ ಎಲ್ಲಿದ್ದಾಳೆಂದು ನನಗೆ ಹೇಗೆ ಗೊತ್ತು? ಗಂಡನ ಮನೆ ಬಿಟ್ಟು ಓಡಿದವಳ ಹೆಸರನ್ನು ಈ ಮನೆಯಲ್ಲಿ ಎತ್ತಕೂಡದು ಎಂದು ನಾನೇ ಹೇಳಿ ಮೂರು ವರ್ಷವಾಯಿತು.

ಅಳಿಯ ಮಿರ್ಲಾನ್ ಮಾತ್ರ ಕೈಬಿಡಲಿಲ್ಲ. ಕುರಿ ತಂದ. ಗುಂಡಿ ತೋಡುವವರ ಜೊತೆ ತಾನೂ ನಿಂತ. ಹೆಂಡತಿ ಓಡಿಹೋದರೂ ನನ್ನನ್ನು ಅತಾ, ಅತ್ತೆಯನ್ನು ಅಪಾ, ಅಂದರೆ ಅಪ್ಪ ಅಮ್ಮ ಎಂದೇ ಕರೆಯುತ್ತಾನೆ. ನನಗೆ ಮಗನಿದ್ದಿದ್ದರೆ ಇದಕ್ಕಿಂತ ಹೆಚ್ಚೇನು ಮಾಡುತ್ತಿದ್ದ.

ಕಡಿಯೋದನ್ನು ಅವಳು ಎಲ್ಲಿಟ್ಟಿದ್ದಳೋ, ಅರ್ಧ ಗಂಟೆ ಹುಡುಕಿದೆ. ಕೊಟ್ಟಿಗೆಯ ಬಾಗಿಲ ಹಿಂದೆ ಸಿಕ್ಕಿತು. ಸೌದೆ ಸೀಳಿಟ್ಟೆ.

ಅಕ್ಟೋಬರ್ 10

ಸಂಜೆ ಆರು. ಚಳಿ. ಗುರುವಾರ. ಸತ್ತವರಿಗೆಂದು ಮನೆಯಲ್ಲಿ ಕಾದ ಎಣ್ಣೆಯ ವಾಸನೆ ಏಳಬೇಕು. ಕರಿಯುವ ಬೊರ್ಸೋಕಿಗೆ ಹಿಟ್ಟು ಕಲಸಲು ನನಗೆ ಬರುವುದಿಲ್ಲ. ಎಣ್ಣೆಯನ್ನಷ್ಟೇ ಕಾಯಿಸಿದೆ.

ಅಕ್ಟೋಬರ್ 14

ಮಧ್ಯಾಹ್ನ ಮೂರು. ಬಿಸಿಲು. ಅವಳ ಫೋನನ್ನು ಚಾರ್ಜಿಗೆ ಹಾಕಿದೆ. ಬೀಗವೇನಿರಲಿಲ್ಲ, ಅದರಲ್ಲಿ ಏನಿರುತ್ತದೆ ಎಂದುಕೊಂಡಿದ್ದೆ. ಒಳಗೆ ಒಂದು ಪೆಟ್ಟಿಗೆಯ ಚಿತ್ರ, ಕೆಳಗೆ ‘ಸಂದೂಕ’ ಎಂದಿದೆ. ಒತ್ತಿದರೆ, ಬೆರಳಿಡಿ ಇಲ್ಲವೇ ಎಂಟು ಪದ ಬರೆಯಿರಿ ಎನ್ನುತ್ತದೆ. ಬೆರಳಿಟ್ಟೆ. “ಇದು ನಿಮ್ಮದಲ್ಲ” ಎಂದು ಬಂತು.

ಫೋನು ಹಿಡಿದು ಸೈರಾಳ ಹತ್ತಿರ ಹೋದೆ. ಹೆಂಗಸರು ಕಂಬಳಿ ಹಾಸು ಹೊಲಿಯುವ ಮನೆ ಅವಳದು. ಝೂರಾಕಾನ್ ಹನ್ನೊಂದು ವರ್ಷ ಅಲ್ಲಿ ಕೂತು ಹೊಲಿದಳು. ಸೈರಾ ಚಹಾ ಕೊಟ್ಟಳು, ಹಿರಿಯರಿಗೆನ್ನುವ ಹಾಗೆ ಬಾಯ್ಕೆ ಎಂದಳು, ಆದರೆ ಕೂರಿ ಎನ್ನಲಿಲ್ಲ.

“ಜುಮಾದಿಲ್ ಬಾಯ್ಕೆ, ಅದು ನಮ್ಮ ಹೆಂಗಸರ ಸಂದೂಕ. ನಿಮಗೆ ಅದರಲ್ಲೇನು ಕೆಲಸ?”

“ನನ್ನ ಹೆಂಡತಿ ಫೋನು. ಒಳಗೇನಿದೆ ಅಂತ ನನಗೆ ಗೊತ್ತಾಗಬೇಡ್ವಾ?”

“ಕಾಗದ ಇದೆ. ಓದಿದ ಏಳು ದಿನಕ್ಕೋ ಓದದಿದ್ರೆ ಬಂದ ಏಳು ದಿನಕ್ಕೋ ತಾನಾಗೇ ಅಳಿಸಿಹೋಗುತ್ತೆ. ದುಡ್ಡಿದೆ. ಯಾರು ಕಳಿಸಿದ್ರು, ಯಾರಿಗೆ ಹೋಯ್ತು ಅಂತ ಎಲ್ಲೂ ಕಾಣದ ದುಡ್ಡು. ಹಾಸು ಕೊಳ್ಳೋರು ಹೊರದೇಶದಿಂದ ನಮಗೆ ಅದರಲ್ಲೇ ಕೊಡ್ತಾರೆ. ಅವಳು ಮಗಳಿಗೆ ಅದರಲ್ಲೇ ಕಳಿಸ್ತಿದ್ಲು.”

“ಬ್ಯಾಂಕಿತ್ತಲ್ಲ.”

“ಇತ್ತು. ಬ್ಯಾಂಕಿಂದ ಕಳಿಸಿದ್ರೆ ಟಣ್ ಅಂತ ಯಾರ ಫೋನು ಬಡ್ಕೊಳ್ತಿತ್ತು ಹೇಳಿ?”

ನನ್ನದು. ಖಾತೆ ನನ್ನ ಹೆಸರಿನಲ್ಲಿತ್ತು.

“ಮಗಳು ಎಲ್ಲಿದ್ದಾಳೆ ಅಂತ ನಿನಗಾದ್ರೂ ಗೊತ್ತಲ್ಲ?”

“ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನನ್ನ ಬಾಯಿಂದ ಯಾರೂ ಕೀಳೋಕಾಗಲ್ಲ. ನಮ್ಮಲ್ಲಿ ಅದೇ ಕಟ್ಟುಪಾಡು.”

“ನನ್ನಿಂದ ಮುಚ್ಚಿಡೋ ಅಂಥದ್ದು ಅವಳಿಗೇನಿತ್ತು?”

“ಅದನ್ನ ನನ್ನ ಕೇಳ್ತೀರಲ್ಲ ಬಾಯ್ಕೆ! ಚಹಾ ಆರ್ತಾ ಇದೆ, ಕುಡೀರಿ.”

ಕುಡಿಯದೆ ಬಂದೆ. ನನ್ನ ಒಲೆಯ ಮುಂದೆ ಕೂತು, ನನ್ನ ರೊಟ್ಟಿ ಮುರಿಯುತ್ತಾ, ಮೂರು ವರ್ಷ. ಇಷ್ಟು ಧೈರ್ಯ ಅವಳಿಗಿತ್ತೆಂದು ನನಗೆ ತಿಳಿದಿರಲಿಲ್ಲ.

ಅಕ್ಟೋಬರ್ 18

ಸಂಜೆ ಐದೂವರೆ. ಮೊದಲ ಹಿಮ, ನೆಲದಲ್ಲಿ ನಿಲ್ಲಲಿಲ್ಲ. ಮಿರ್ಲಾನ್ ಒಂದು ಮೂಟೆ ಹಿಟ್ಟು ತಂದ. ಫೋನಿನ ಸಂಗತಿ ಹೇಳಿದೆ. ಅವನು ಚಹಾ ಬಟ್ಟಲನ್ನು ಕೆಳಗಿಟ್ಟು, ಎರಡೂ ಕೈ ಚಾಚಿ ಫೋನು ತೆಗೆದುಕೊಂಡ.

“ಇದು ನನಗೆ ಗೊತ್ತು ಅತಾ. ಹತ್ತು ಸಲ ತಪ್ಪು ಬರೆದ್ರೆ ಒಳಗಿರೋದೆಲ್ಲ ಸುಟ್ಟುಹೋಗುತ್ತೆ. ನೀವು ಮುಟ್ಟೋಕೆ ಹೋಗ್ಬೇಡಿ. ಪದಗಳನ್ನ ಅಪಾ ಎಲ್ಲಾದ್ರೂ ಬರೆದಿಟ್ಟಿರ್ತಾರೆ. ಸಿಕ್ಕಿದ್ರೆ ನನಗೊಂದು ಫೋನ್ ಮಾಡಿ. ಪಟ್ಟಣದಲ್ಲಿ ನನ್ನ ಸ್ನೇಹಿತ ಇದ್ದಾನೆ, ಎರಡು ನಿಮಿಷ. ಅವಳಿರೋ ಬೀದಿ ಸಮೇತ ಹೇಳ್ತಾನೆ.”

“ಅವಳಿಗೆ ಸುದ್ದಿ ಮುಟ್ಟಿದ್ರೆ ಸಾಕು ನನಗೆ,” ಎಂದೆ.

“ನಾನೇ ಮುಟ್ಟಿಸ್ತೀನಿ ಬಿಡಿ,” ಎಂದ. ಆಮೇಲೆ ನಗುತ್ತಾ, “ಮಣ್ಣು ಮಾಡೋಕೆ ಮುಂಚೇನೇ ಹೇಳಿದ್ರೆ ಆಗ್ತಿತ್ತಲ್ಲ ಅತಾ. ಅಪಾ ಬೆರಳನ್ನ ಒಂದ್ಸಲ ಒತ್ತಿಸಿಬಿಡಬಹುದಿತ್ತು!”

ನಾನು ಅವನ ಬಟ್ಟಲಿಗೆ ಚಹಾ ಹಾಕುತ್ತಿದ್ದೆ. ಮೇಜಿನ ಮೇಲೆಲ್ಲ ಚೆಲ್ಲಿತು. ಬಟ್ಟೆ ತಂದು ಒರೆಸಿದೆ.

ಹೋಗುವಾಗ ಫೋನನ್ನು ಜೇಬಿಗಿಳಿಸಿದ. ಇರಲಿ ಬಿಡು, ಅದರಲ್ಲಿ ಅವಳ ಪಟಗಳಿವೆ, ನೋಡಬೇಕು ಎಂದು ವಾಪಸ್ಸು ಇಸಿದುಕೊಂಡೆ. ಪಟ ಒಂದೂ ಇರಲಿಲ್ಲ.

ಅಕ್ಟೋಬರ್ 20

ಅವಳ ಬೆರಳುಗಳು. ಸೂಜಿ ಚುಚ್ಚಿ ಚುಚ್ಚಿ ತುದಿ ಒರಟಾಗಿತ್ತು.

ಅಕ್ಟೋಬರ್ 24

ಸಂಜೆ ನಾಲ್ಕು. ಹಿಮ ಒಂದು ಗೇಣು. ಗುರುವಾರ. ಹಿಟ್ಟಿಗೆ ನೀರು ಹಾಕಿ ಕಲಸಿ ಕರಿದೆ. ಬೊರ್ಸೋಕು ಕಲ್ಲಾಯಿತು. ವಾಸನೆಯೇನೋ ಬಂತು.

ಅವಳ ಹಾಸುಗಳ ಮಾದರಿ ಪುಸ್ತಕ ಮರದ ಸಂದೂಕದ ತಳದಲ್ಲಿತ್ತು. ಕುರಿಕೊಂಬಿನ ಬಳ್ಳಿ, ಹಕ್ಕಿಯ ಉಗುರು, ಎಲ್ಲ ಪೆನ್ಸಿಲಿನಲ್ಲಿ. ಕೊನೆಯ ಹಾಳೆಯಲ್ಲಿ ಚಿತ್ರವಿಲ್ಲ. ಎಂಟು ಪದಗಳು: ಉಪ್ಪು, ಸೇತುವೆ, ಮರಿಗುದುರೆ, ಹೊಗೆ, ಸೂಜಿ, ಮಂಜು, ಕಡಿಯೋದು, ಬಾಗಿಲು. ಅದರ ಮೇಲೆ ಸಣ್ಣಕ್ಷರದಲ್ಲಿ ಒಂದು ಸಾಲು: “ಅವರ ಕಣ್ಣಿಗೆ ಬೀಳಬಾರದು.”

ಅವರ ಎಂದು ಬರೆದಿದ್ದಾಳೆ. ಅವನ ಎಂದಿದ್ದರೆ ಮಿರ್ಲಾನ್ ಎಂದುಕೊಳ್ಳಬಹುದಿತ್ತು. ಇಷ್ಟು ಮರ್ಯಾದೆ ಕೊಟ್ಟು ಅವಳು ಬರೆಯುತ್ತಿದ್ದದ್ದು ಒಬ್ಬರಿಗೇ.

ಕನ್ನಡಕ ಹಾಕಿಕೊಂಡು ಎಂಟನ್ನೂ ಒಂದೊಂದೇ ಅಕ್ಷರ ಒತ್ತಿ ಬರೆದೆ. “ಪದ ಸರಿಯಿಲ್ಲ. ಇನ್ನು ಒಂಬತ್ತು ಸಲ.”

ಮಿರ್ಲಾನ್‌ಗೆ ಫೋನ್ ಮಾಡುವುದು ಮರೆತೇಹೋಯಿತು.

ಅಕ್ಟೋಬರ್ 29

ಮಧ್ಯಾಹ್ನ ಎರಡು. ಬಿಸಿಲು, ಚಳಿ ಕಡಿಮೆಯಿಲ್ಲ. ಇನ್ನು ನಾಲ್ಕು ಸಲ. ಹಿಂದುಮುಂದಾಗಿ ಬರೆದು ನೋಡಿದೆ. ಮಂಜು ಅಲ್ಲ ಮಂಚ ಇರಬಹುದೇ ಎಂದು ನೋಡಿದೆ. ಅವಳ ಅಕ್ಷರ ದುಂಡಗೆ, ಸ್ಪಷ್ಟವಾಗಿದೆ. ತಪ್ಪು ಓದುವಂತೆಯೇ ಇಲ್ಲ.

ಮಿರ್ಲಾನ್ ಫೋನ್ ಮಾಡಿದ್ದ. “ಏನಾದ್ರೂ ಸಿಕ್ತಾ ಅತಾ?” ಏನೂ ಸಿಗಲಿಲ್ಲ ಎಂದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಯಾಕೆ ಹೇಳಿದೆನೋ.

ಎರಡು ವರ್ಷದ ಹಿಂದಿನದನ್ನು ಬರೆದಿಡುತ್ತೇನೆ. ಆ ಹುಡುಗಿ ಓಶ್‌ನಲ್ಲಿ ಒಂದು ರೊಟ್ಟಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಾಯಿಗೆ ಫೋನ್ ಮಾಡಿದ್ದಳು. ಝೂರಾಕಾನ್ ಖುಷಿಗೆ ಅಂಗಡಿಯ ಹೆಸರನ್ನು ನನ್ನ ಮುಂದೆ ಅಂದುಬಿಟ್ಟಳು. ನಾನು ಅದನ್ನು ಮಿರ್ಲಾನ್‌ಗೆ ಹೇಳಿದೆ. ಗಂಡನಿಗೆ ಹೆಂಡತಿ ಎಲ್ಲಿದ್ದಾಳೆಂದು ಹೇಳುವುದರಲ್ಲಿ ತಪ್ಪೇನು? ಆ ಮನೆಯವರು ಮದುವೆಗೆಂದು ಅವಳನ್ನು ದಾರಿಯಿಂದ ಎತ್ತಿಕೊಂಡು ಹೋದದ್ದು ನಿಜ. ಆದರೆ ತಲೆಗೆ ಮದುಮಗಳ ಬಿಳಿ ಬಟ್ಟೆ ಹಾಕಿಸಿಕೊಂಡು ಕೂತ ಮೇಲೆ ಅದೇ ಮನೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳಿದೆ.

ಮಿರ್ಲಾನ್ ಓಶ್‌ಗೆ ಹೋಗಿ ಬಂದ. “ಮಾತಾಡಿದೆ ಅತಾ, ಬರಲ್ಲ ಅಂದ್ಲು,” ಎಂದ. ಅಷ್ಟೇ. ಅಲ್ಲಿಂದಾಚೆಗೆ ಝೂರಾಕಾನ್ ಮಗಳ ಮಾತೆತ್ತಲಿಲ್ಲ. ಮರೆತಳು ಎಂದುಕೊಂಡೆ.

ನವೆಂಬರ್ 2

ಇನ್ನು ಎರಡು ಸಲ. ಮುಟ್ಟುವುದಿಲ್ಲ.

ನವೆಂಬರ್ 5

ಸಂಜೆ ಆರೂವರೆ. ಹಿಮ ಬೀಳುತ್ತಿದೆ. ತುಂಬ ಬರೆಯಬೇಕು.

ಬೆಳಗ್ಗೆ ಮಾದರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಸೈರಾಳ ಮನೆಗೆ ಹೋದೆ. ಬೇರೆ ಹೆಂಗಸರು ಇನ್ನೂ ಬಂದಿರಲಿಲ್ಲ. ಪುಸ್ತಕ ನೋಡಿ ಅವಳ ಮುಖ ಬಿಳುಪಾಯಿತು.

“ಮಿರ್ಲಾನ್‌ಗೆ ತೋರ್ಸಿದ್ರಾ?”

“ಇಲ್ಲ.”

“ಯಾಕೆ? ನಿಮ್ಮ ಚಿನ್ನದಂಥ ಅಳಿಯ ಅಲ್ವಾ ಅವನು.”

ಅವನು ಬೆರಳಿನ ಬಗ್ಗೆ ಅಂದದ್ದನ್ನು ಹೇಳಿದೆ. ಸೈರಾ ಸೂಜಿಯನ್ನು ಹಾಸಿನಲ್ಲಿ ಚುಚ್ಚಿಟ್ಟಳು.

“ಬಾಯ್ಕೆ, ಓಶ್‌ನಲ್ಲಿ ಏನಾಯ್ತು ಅಂತ ನಿಮಗೆ ಗೊತ್ತಾ?”

“ಮಾತಾಡಿ ಬಂದೆ ಅಂದ.”

“ಮಾತಾಡಿದ. ಬಾಗಿಲ ಸಂದಿಗೆ ಅವಳ ಎಡಗೈ ಇಟ್ಟು ಬಾಗಿಲು ಹಾಕಿ ಮಾತಾಡಿದ. ರೊಟ್ಟಿ ಅಂಗಡಿಯೋರು ಬಿಡಿಸ್ಕೊಂಡ್ರು. ಆ ಕೈ ಇವತ್ತಿಗೂ ಮೇಲೇಳಲ್ಲ. ಝೂರಾಕಾನ್ ಇಲ್ಲಿ, ಈ ಜಾಗದಲ್ಲಿ ಕೂತು ಮೂರು ದಿನ ಅತ್ಲು. ಸಂಜೆ ಮುಖ ತೊಳ್ಕೊಂಡು ನಿಮಗೆ ಅಡುಗೆ ಮಾಡೋಕೆ ಎದ್ದು ಹೋಗ್ತಿದ್ಲು.”

“ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಹೋಗಿ ಮಿರ್ಲಾನ್‌ನ ಕೇಳ್ತಿದ್ರಿ, ನಿಜಾನಾ ಅಂತ.”

ಕೇಳುತ್ತಿದ್ದೆ. ಪುಸ್ತಕದ ಕೊನೆಯ ಹಾಳೆ ತೆರೆದಿಟ್ಟೆ. ಅವಳು ಅದನ್ನು ಹತ್ತಿರ ಎಳೆದುಕೊಂಡಳು. ತನ್ನ ಕಪಾಟಿನಿಂದ ಒಂದು ಪದಗಳ ಪಟ್ಟಿ ತೆಗೆದಳು. ಕುರಿಯ ಹಿಂಗಾಲಿನ ಗೆಣ್ಣುಮೂಳೆಗಳನ್ನು, ಮಕ್ಕಳು ಆಡುವ ಆ ಚುಕೋಗಳನ್ನೇ, ಇವರು ಒಗೆಯುತ್ತಾರಂತೆ. ಯಾವ ಮೂಳೆ ಯಾವ ಮಗ್ಗುಲಿಗೆ ಬಿತ್ತೆಂದು ನೋಡಿ ಪಟ್ಟಿಯಿಂದ ಪದ ಆರಿಸುತ್ತಾರಂತೆ. ಹಾಗೆ ಬಿದ್ದ ಪದ ಇನ್ನೊಬ್ಬರಿಗೆ ಊಹೆಗೆ ಸಿಗುವುದಿಲ್ಲ.

“ಉಪ್ಪು, ಇದೆ. ಸೇತುವೆ, ಇದೆ. ಮರಿಗುದುರೆ… ಹೊಗೆ… ಸೂಜಿ… ಮಂಜು. ಇದೇನಿದು ಏಳನೇದು? ಕಡಿಯೋದು ಅಂತ ಪಟ್ಟೀಲಿ ಇಲ್ವಲ್ಲ.”

“ಇರಬೇಕು. ಸಾಮಾನ್ಯ ಪದ ಅದು.”

“ಯಾವೂರ ಸಾಮಾನ್ಯ ಪದ?”

“ಅದೇ ತಾಯಿ, ಸೌದೆ ಒಡೆಯೋದು. ಮರದ ಹಿಡಿ ಇರುತ್ತಲ್ಲ, ಕಡಿಯೋದು.”

ಸೈರಾ ನನ್ನನ್ನೇ ನೋಡಿದಳು. “ಅದಕ್ಕೆ ಬಾಲ್ಟಾ ಅಂತಾರೆ ಬಾಯ್ಕೆ. ನಮ್ಮ ನಾಡಿನಲ್ಲಿ ಹುಟ್ಟಿದೋರೆಲ್ಲ ಬಾಲ್ಟಾ ಅಂತಾರೆ. ನಿಮ್ಮ ಮನೇಲಿ ಮಾತ್ರ ಯಾಕೆ…”

ಅವಳು ಅಲ್ಲಿಗೆ ನಿಲ್ಲಿಸಿದಳು. ನನಗೂ ಆಗಲೇ ಹೊಳೆದದ್ದು.

ನನ್ನ ಅಪ್ಪನ ಹೆಸರು ಬಾಲ್ಟಾಬಾಯ್. ಸೊಸೆ ಮಾವನ ಹೆಸರನ್ನು ಬಾಯಲ್ಲಿ ತರುವುದಿಲ್ಲ, ಆ ಹೆಸರೊಳಗಿರುವ ಪದವನ್ನೂ ತರುವುದಿಲ್ಲ. ಈಗಿನವರು ಇದನ್ನೆಲ್ಲ ಬಿಟ್ಟಿದ್ದಾರೆ. ಝೂರಾಕಾನ್ ಹತ್ತೊಂಬತ್ತನೆಯ ವಯಸ್ಸಿಗೆ ನಮ್ಮ ಹೊಸ್ತಿಲು ದಾಟಿದ ದಿನದಿಂದ ‘ಕಡಿಯೋದು’ ಎಂದಳು. ಕೇಳಿ ಕೇಳಿ ನಾನೂ ಹಾಗೇ ಅಂದೆ, ಮಗಳೂ ಹಾಗೇ ಅಂದಳು. ಅಪ್ಪ ಸತ್ತು ಹದಿಮೂರು ವರ್ಷವಾಯಿತು. ಯಾರಿಗೂ ತೋರಿಸದ ಹಾಳೆಯಲ್ಲಿ, ನನ್ನಿಂದ ಬಚ್ಚಿಡಲೆಂದೇ ಬರೆದ ಹಾಳೆಯಲ್ಲಿ, ಅವಳು ನನ್ನ ಅಪ್ಪನ ಹೆಸರಿಗೆ ಮರ್ಯಾದೆ ಕೊಟ್ಟಿದ್ದಾಳೆ.

“ಅಯ್ಯೋ ನನ್ನ ಬುದ್ಧಿಗಿಷ್ಟು!” ಸೈರಾ ಹಣೆ ಬಡಿದುಕೊಂಡಳು. “ಆ ಪದ ಬಿದ್ದಾಗ ಕೆಂಪಗಾದ್ಲು ಬಾಯ್ಕೆ! ‘ಇದು ಬೇಡ, ಇನ್ನೊಂದ್ಸಲ ಒಗೀರಿ’ ಅಂದ್ಲು. ಒಗೆದ ಮೂಳೆ ಒಗೆದ ಹಾಗೆ, ಹಾಗೆಲ್ಲ ಬದಲಾಯಿಸಬಾರದು ಅಂದೆ. ಫೋನಲ್ಲಿ ನಾನೇ ಒತ್ತಿದೆ. ಅವಳು ಪುಸ್ತಕದಲ್ಲಿ ಬರ್ಕೊಂಡ್ಲು. ಆಮೇಲೆ ದಿನಾ ಬೆರಳಲ್ಲೇ ತೆಗೀತಿದ್ಲು, ಪದ ಬೇಕೇ ಆಗಲಿಲ್ಲ.”

ಅವಳು ನಕ್ಕಳು. ನಾನೂ ನಕ್ಕೆ. ಆಮೇಲೆ ಜೇಬಿನಿಂದ ಝೂರಾಕಾನ್ ಫೋನು ತೆಗೆದೆ.

ಏಳನೆಯದಕ್ಕೆ ಬಾಲ್ಟಾ ಎಂದು ನಾನು ಒತ್ತಿದೆ. ಸಂದೂಕ ತೆರೆಯಿತು.

ಒಳಗೆ ಒಂದು ಪಟ. ಯಾವುದೋ ಅಡುಗೆಮನೆ. ಹುಡುಗಿ ಬಲಗೈಯಲ್ಲಿ ರೊಟ್ಟಿ ಹಿಡಿದಿದ್ದಾಳೆ, ಎಡಗೈ ಕೋಟಿನ ಜೇಬಿನಲ್ಲಿದೆ. ತಾಯಿಯ ಹಣೆ ಬಂದಿದೆ. ಪತ್ರಗಳೆಲ್ಲ ಅಳಿಸಿಹೋಗಿ ಒಂದೇ ಉಳಿದಿತ್ತು, ನವೆಂಬರ್ ಒಂದರದು.

“ಅಪಾ, ನಿಮ್ಮ ಮಾತಿಲ್ಲದೆ ಐದು ಗುರುವಾರ ಆಯ್ತು. ನಾವು ಅಂದುಕೊಂಡಿದ್ದು ಆರು. ಬರೋ ಗುರುವಾರವೂ ನಿಮ್ಮ ಮಾತು ಬರದಿದ್ರೆ ಅತಾಗೆ ಗೊತ್ತಾಯ್ತು ಅಂತ ತಿಳ್ಕೊಂಡು ಇಲ್ಲಿಂದ ಹೊರಡ್ತೀನಿ. ಈ ವಿಳಾಸ ಮುಚ್ಚಿಬಿಡ್ತೀನಿ. ನಿಮ್ಮನ್ನ ಹೊಡೆದರಾ? ಅಷ್ಟಾದ್ರೂ ಹೇಳಿ.”

ನಾನು ಝೂರಾಕಾನ್ ಮೇಲೆ ಯಾವತ್ತೂ ಕೈ ಎತ್ತಿಲ್ಲ. ಆದರೆ ನನ್ನ ಮಗಳು ಹಾಗೆ ಕೇಳಿದ್ದಾಳೆ.

ನವೆಂಬರ್ 7

ಸಂಜೆ ಐದು. ಮಂಜು. ಆರನೆಯ ಗುರುವಾರ.

ನಿನ್ನೆಯೆಲ್ಲ ಬರೆದು ಅಳಿಸಿದೆ. ನೀನೇ ಬರೆದುಕೊಡು ಎಂದು ಸೈರಾಳನ್ನು ಕೇಳಿದೆ. “ಸತ್ತಿದ್ದು ನಿಮ್ಮ ಹೆಂಡ್ತಿ. ಓಶ್ ಅಂತ ಹೇಳಿದ್ದು ನಿಮ್ಮ ಬಾಯಿ. ನೀವೇ ಬರೀರಿ,” ಎಂದಳು. “ಅವಳು ನಂಬ್ತಾಳಾ?” ಎಂದೆ. “ನಂಬೋ ಹಾಗೆ ಬರೀರಿ.”

ಇವತ್ತು ಬೆಳಗ್ಗೆ ಬರೆದದ್ದು ಇದು. ಏಳು ದಿನಕ್ಕೆ ಅಳಿಸಿಹೋಗುವುದರಿಂದ ಇಲ್ಲಿಯೂ ಬರೆದಿಡುತ್ತೇನೆ.

“ಚೊಲ್ಪೊನ್, ಇದನ್ನು ಬರೆಯುತ್ತಿರುವುದು ನಿನ್ನ ಅತಾ. ನಿನ್ನ ಅಪಾ ಅಕ್ಟೋಬರ್ ಮೂರಕ್ಕೆ ತೀರಿಕೊಂಡಳು. ಎದೆಯ ಕಾಯಿಲೆ. ಯಾರೂ ಹೊಡೆಯಲಿಲ್ಲ. ನಿನಗೆ ತಿಳಿಸು ಅಂದಿದ್ದಳು. ನೀನೆಲ್ಲಿದ್ದೀಯೆಂದು ಕೇಳುವುದಿಲ್ಲ. ನೀನೂ ಹೇಳಬೇಡ. ಓಶ್ ಅಂಗಡಿಯ ಹೆಸರು ಹೇಳಿದವನು ನಾನು. ಕೈಯ ಸಂಗತಿ ಮೊನ್ನೆ ತಿಳಿಯಿತು. ಪದಗಳಲ್ಲಿ ಬಾಲ್ಟಾ ಇದ್ದ ಕಡೆ ನಿನ್ನ ಅಪಾ ಕಡಿಯೋದು ಎಂದು ಬರೆದಿಟ್ಟಿದ್ದಳು, ಅದಕ್ಕೇ ಇಷ್ಟು ತಡ. ನೀವು ಮಾತಾಡಿಕೊಂಡ ಹಾಗೆ ಹೊರಟುಬಿಡು.”

ಸಂದೂಕದಲ್ಲಿದ್ದ ದುಡ್ಡನ್ನೆಲ್ಲ ಅವಳಿಗೆ ಕಳಿಸುವುದು ಹೇಗೆಂದು ಸೈರಾ ತೋರಿಸಿಕೊಟ್ಟಳು. ಒತ್ತಿದೆ. ಎಲ್ಲಿಗೆ ಹೋಯಿತು ಎಂದು ಕೇಳಿದೆ. “ಕಾಣಲ್ಲ,” ಎಂದಳು. “ಕಾಣಬಾರದು ಅಂತಲೇ ಅಲ್ವಾ ಅದಿರೋದು.”

ನವೆಂಬರ್ 9

ಮಧ್ಯಾಹ್ನ ಹನ್ನೆರಡು. ಬಿಸಿಲು. ಉತ್ತರ ಬಂತು.

“ಅತಾ, ಓದಿದೆ. ಅಪಾ ಕೊನೆವರೆಗೂ ಆ ಪದ ಅನ್ನಲೇ ಇಲ್ವಾ. ಗುರುವಾರ ಎಣ್ಣೆ ಕಾಯಿಸ್ತಿದ್ದೀರಾ?”

ನಿಂತುಕೊಂಡೇ ಒತ್ತಿದೆ. “ಕಾಯಿಸುತ್ತಿದ್ದೇನೆ. ಬೊರ್ಸೋಕು ಮಾತ್ರ ಕಲ್ಲಾಗುತ್ತದೆ.”

ಆಮೇಲೆ:

“ನೀರು ಹಾಕ್ತಿದ್ದೀರಿ ಅನ್ಸುತ್ತೆ. ಬೆಚ್ಚಗಿನ ಹಾಲಲ್ಲಿ ಕಲಸಿ. ಬಟ್ಟೆ ಮುಚ್ಚಿ ಒಲೆ ಹತ್ತಿರ ಇಡಿ.”

ಆಗಲಿ ಎಂದು ಬರೆದೆ. “ಈ ವಿಳಾಸ ಈಗ ಇಲ್ಲ” ಎಂದು ಬಂತು.

ನವೆಂಬರ್ 10

ಸಂಜೆ ಐದು. ಮೋಡ, ಗಾಳಿ ಇಲ್ಲ. ಹಾಲು ಹಾಕಿ ಕಲಸಿದೆ. ಹಿಟ್ಟು ಬಟ್ಟೆಯ ಕೆಳಗೆ ಉಬ್ಬಿದೆ, ಬೆರಳಿಟ್ಟರೆ ಮೆತ್ತಗೆ ಇಳಿಯುತ್ತದೆ. ಸೈರಾ ಮತ್ತು ಹೆಂಗಸರು ಬೆಳಗ್ಗೆ ಕರಿಯಲು ಬರುತ್ತಾರೆ. ಕಡಿಯೋದನ್ನು ಮಸೆದಿಟ್ಟೆ.

ಚೊಲ್ಪೊನ್ ಬರೆದದ್ದು ಇನ್ನೂ ಆರು ದಿನ ಫೋನಿನಲ್ಲಿ ಇರುತ್ತಿತ್ತು. ಪಟ ಯಾವಾಗಲೂ ಇರುತ್ತಿತ್ತು. ಅದನ್ನು ಮಧ್ಯಾಹ್ನದಿಂದ ನೋಡಿದೆ. ಅಡುಗೆಮನೆಯ ಕಿಟಕಿ, ಕಿಟಕಿಯಾಚೆ ಒಂದು ಗೋಡೆ. ಗೋಡೆ ನೋಡಿ ಊರು ಹೇಳುವವರೂ ಇದ್ದಾರಂತೆ. ಸಂದೂಕ ಒಮ್ಮೆ ತೆರೆದ ಮೇಲೆ ಎಣಿಕೆ ಮತ್ತೆ ಹತ್ತಕ್ಕೆ ಹೋಗಿತ್ತು. ನಾಲ್ಕು ಗಂಟೆಗೆ ಹತ್ತು ಸಲ ತಪ್ಪು ಪದ ಬರೆದೆ. ಪ್ರತಿ ಸಲವೂ ಏಳನೆಯದನ್ನು ಝೂರಾಕಾನ್ ಬರೆದ ಹಾಗೇ ಬರೆದೆ. ಸಂದೂಕ ಖಾಲಿಯಾಯಿತು.

ನಾಳೆ ನಲವತ್ತನೆಯ ದಿನ. ಮಿರ್ಲಾನ್ ಬರುತ್ತಾನೆ. ಚೊಲ್ಪೊನ್ ಎಲ್ಲಿದ್ದಾಳೆ ಎಂದು ಕೇಳುತ್ತಾನೆ. ನನಗೆ ಗೊತ್ತಿಲ್ಲ.